ಮೇಲಿನ ಸಾಲು

ವಡೋದರದ ಆ ವಾಲ್ವ್ ಕಾರ್ಖಾನೆಗೆ ಸೇರಿದ ಮೊದಲ ತಿಂಗಳಲ್ಲೇ, ನಮ್ಮ ಮ್ಯಾನೇಜರ್ ದಿನಕ್ಕೆ ಎಷ್ಟು ಸಲ ‘ನೋಡೋಣ’ ಅನ್ನುತ್ತಾರೆಂದು ಒಂದು ವಾರ ಎಣಿಸಿದ್ದೆ. ವಾರದ ಮೊತ್ತ ಎಪ್ಪತ್ತಾರು. ಅದರಲ್ಲಿ ಅವರು ನಿಜವಾಗಿ ಏನನ್ನಾದರೂ ನೋಡಿದ್ದು ಎರಡು ಸಲ. ಎರಡೂ ಕ್ಯಾಂಟೀನಿನ ಊಟದ ವಿಷಯ.

ಅವರು ಮಂಡ್ಯದ ಕಡೆಯವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷ. ಮನೆಯಲ್ಲಿ ಮಕ್ಕಳು ಗುಜರಾತಿಯಲ್ಲೇ ಜಗಳವಾಡುತ್ತಿದ್ದರಿಂದ, ಕನ್ನಡ ಮಾತಾಡಬೇಕೆನಿಸಿದಾಗ ನನ್ನನ್ನು ಕ್ಯಾಬಿನ್ನಿಗೆ ಕರೆಸುತ್ತಿದ್ದರು. ನನ್ನನ್ನು ಸೇರಿಸಿಕೊಂಡದ್ದೂ ಅದೇ ಸಲುಗೆಯಲ್ಲಿ, ಮೊದಲು ನನ್ನ ಕುರ್ಚಿಯಲ್ಲಿದ್ದವನಿಗಿಂತ ಕಡಿಮೆ ಸಂಬಳಕ್ಕೆ. “ನಮ್ಮೋನು ಅಂತ ತಗೊಂಡೆ ಕಣಯ್ಯ. ಸಂಬಳ ಆಮೇಲೆ ನೋಡೋಣ.” ಕೆಲಸ ಕೇಳಿಕೊಂಡು ಗೇಟಿಗೆ ಬಂದವರ ಹೆಸರು ಬರೆಸಿಕೊಂಡು ಒಳಗೆ ಬಿಡುವುದು, ಮತ್ತೆ ಹೊರಗೆ ಕಳಿಸುವುದು ನನ್ನ ಹುದ್ದೆ.

ಗೇಟಿನ ಪಕ್ಕದ ಮೇಜಿನ ಮೇಲೆ ದಪ್ಪ ರಿಜಿಸ್ಟರ್ ಒಂದಿತ್ತು. ಹೆಸರು, ಊರು, ಅನುಭವ, ಎಷ್ಟು ಸಂಬಳ ಬೇಕು. ಕೊನೆಯದನ್ನು ಬಂದವರೇ ಬರೆಯಬೇಕು. ಜೂನ್ ತಿಂಗಳ ಎರಡನೇ ಸೋಮವಾರ ಒಂದು ಸಂಗತಿ ಗಮನಿಸಿ ದಿನಚರಿಯಲ್ಲಿ ಬರೆದುಕೊಂಡೆ: ಪೆನ್ನು ಹಿಡಿದ ಪ್ರತಿಯೊಬ್ಬನೂ ಮೊದಲು ಮೇಲಿನ ಸಾಲು ಓದುತ್ತಾನೆ, ಆಮೇಲೆ ಅದಕ್ಕಿಂತ ಐನೂರು ಕಡಿಮೆ ಬರೆಯುತ್ತಾನೆ. ಅಂದು ಬಂದವರು ಏಳು ಜನ. ಮೊದಲನೆಯವನಿಂದ ಏಳನೆಯವನಿಗೆ ಬರುವಷ್ಟರಲ್ಲಿ ಮೂರು ಸಾವಿರ ಇಳಿದಿತ್ತು. ಕಡಿಮೆ ಮಾಡಿ ಎಂದು ಯಾರೂ ಅವರನ್ನು ಕೇಳಿರಲಿಲ್ಲ. ಮರುವಾರ ನಾನು ಮೇಲಿನ ಸಾಲುಗಳು ಕಾಣದಂತೆ ಒಂದು ರಟ್ಟು ಇಟ್ಟೆ. ಮ್ಯಾನೇಜರ್ ಬಂದು ಅದನ್ನು ಎತ್ತಿ ಪಕ್ಕಕ್ಕಿಟ್ಟರು.

“ಮುಚ್ಚಬೇಡ ಕಣಯ್ಯ, ನೋಡ್ಲಿ. ಮಾರ್ಕೆಟ್ ರೇಟು ಅವ್ರಿಗೂ ಗೊತ್ತಾಗ್ಲಿ.”

ರಿಜಿಸ್ಟರ್ ತುಂಬಿದವರಿಗೆ ಟ್ರಯಲ್. ನಮಗೆ ಬೇಕಾಗಿದ್ದದ್ದು ಲ್ಯಾಪಿಂಗ್ ಮಾಡುವವರು. ವಾಲ್ವಿನೊಳಗೆ ಕೂರುವ ಉಕ್ಕಿನ ಬಳೆಯನ್ನು ಪೇಸ್ಟ್ ಹಚ್ಚಿದ ತಟ್ಟೆಯ ಮೇಲೆ ಕೈಯಿಂದ ಉಜ್ಜಿ, ಹನಿಯೂ ಸೋರದಷ್ಟು ನುಣುಪು ಮಾಡುವ ಕೆಲಸ ಅದು. ಒಬ್ಬೊಬ್ಬರಿಗೆ ಎಂಟು ಬಳೆ, ಮೂರು ಗಂಟೆ. ಮುಗಿದ ಮೇಲೆ ಒಂದು ಕಪ್ ಚಹಾ, ‘ಫೋನ್ ಮಾಡುತ್ತೇವೆ’ ಎಂಬ ಮಾತು. ಫೋನ್ ಮಾಡಬೇಕಾದವನು ನಾನು. ಮಾಡು ಎಂದು ನನಗೆ ಯಾರೂ ಹೇಳುತ್ತಿರಲಿಲ್ಲ.

ನಾಲ್ಕನೇ ಸೋಮವಾರ ಸೂರತ್ತಿನಿಂದ ಒಬ್ಬ ಬಂದ. ಮೂವತ್ತೈದರ ಆಸುಪಾಸು, ಎಡಗೈಯವನು. ಅಲ್ಲಿನ ಬಡಾವಣೆಯಾದ ಕತಾರ್‌ಗಾಮ್‌ನಲ್ಲಿ ಹನ್ನೊಂದು ವರ್ಷ ವಜ್ರಕ್ಕೆ ಪಾಲಿಶ್ ಹಾಕಿದ್ದನಂತೆ. ಕಲ್ಲು ಬರುವುದು ಕಡಿಮೆಯಾಗಿ, ವಾರಕ್ಕೆ ಮೂರೇ ದಿನ ಕೆಲಸವಾಗಿ, ಕೂಲಿ ಅರ್ಧಕ್ಕಿಳಿದಾಗ ಬಿಟ್ಟು ಬಂದಿದ್ದ. ಹೆಂಡತಿ ಅಲ್ಲೇ ಮನೆಯಲ್ಲಿ ಕೂತು ಸೀರೆಗಳಿಗೆ ಹೊಳೆಯುವ ಕಲ್ಲು ಅಂಟಿಸುತ್ತಿದ್ದಳು. ದೀಪಾವಳಿಯೊಳಗೆ ಕಾಯಂ ಕೆಲಸ ಸಿಗದಿದ್ದರೆ ಎಂಟನೇ ತರಗತಿಯ ಮಗಳನ್ನೂ ಶಾಲೆ ಬಿಡಿಸಿ ಅದೇ ಚಾಪೆಯ ಮೇಲೆ ಕೂರಿಸಬೇಕಾಗುತ್ತದೆ ಎಂದ. ಅದನ್ನು ಬಸ್ಸಿನ ವೇಳೆ ಹೇಳುವ ದನಿಯಲ್ಲಿ ಹೇಳಿದ.

ಅವನು ಎಂಟು ಬಳೆಗಳನ್ನು ಎರಡು ಗಂಟೆಯಲ್ಲಿ ಮುಗಿಸಿದ. ಒಂದೊಂದನ್ನೂ ಜೇಬಿನ ಪುಟ್ಟ ಭೂತಗನ್ನಡಿ ಕಣ್ಣಿಗೊತ್ತಿ ನೋಡಿ ಕೆಳಗಿಟ್ಟ. ಚಹಾ ಕುಡಿದು ಹೋದ. ಎರಡು ವಾರ ಬಿಟ್ಟು ಅವನನ್ನು ಮತ್ತೆ ಕರೆಸಲು ಮ್ಯಾನೇಜರ್ ಹೇಳಿದರು: “ಆ ವಜ್ರದವ್ನು ಚೆನ್ನಾಗ್ ಮಾಡ್ದ. ಇನ್ನೊಂದ್ಸಲ ನೋಡೋಣ.” ಈ ಸಲ ಅವನು ಒಳಗಿನಿಂದ ಬಂದವನು ಚಹಾ ಮುಟ್ಟದೆ ನನ್ನ ಮೇಜಿನ ಹತ್ತಿರ ನಿಂತ. ನಮ್ಮ ಮಾತು ಹಿಂದಿಯಲ್ಲಿ.

“ಸಾಹೇಬ್, ಪ್ಯಾಕಿಂಗ್ ಕಟ್ಟೆಯ ಮೇಲೆ ನನ್ನ ಬಳೆಗಳಿವೆ. ಹೋದ ಸಲದ್ದು.”

“ನಿಮ್ಮದೇ ಅಂತ ಹೇಗೆ ಗೊತ್ತು ಭಾಯ್?”

“ಎಡಗೈ ಉಜ್ಜಿದ್ದು. ಗೆರೆ ಉಲ್ಟಾ ಹೋಗುತ್ತೆ. ಹನ್ನೊಂದು ವರ್ಷ ನನ್ನ ಕಲ್ಲು ನಾನು ಗುರುತು ಹಿಡಿದಿಲ್ಲವಾ?” ಆಮೇಲೆ ಕೇಳಿದ, “ಫೇಲಾದ ಮಾಲನ್ನೂ ಮಾರುತ್ತೀರಾ ಸಾಹೇಬ್?”

ಮಾರುತ್ತಿದ್ದೆವು. ಆ ಸಂಜೆಯಿಂದ ನಾನು ರವಾನೆಯ ಚೀಟಿಗಳನ್ನು ಟ್ರಯಲ್ ಪಟ್ಟಿಯ ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಏಳು ಸೋಮವಾರ, ನಲವತ್ತೊಂದು ಟ್ರಯಲ್, ಮುನ್ನೂರ ಇಪ್ಪತ್ತೆಂಟು ಬಳೆ. ಕೆಟ್ಟದ್ದು ಹತ್ತೊಂಬತ್ತು. ಗ್ರಾಹಕರಿಗೆ ಹೋದದ್ದು ಮುನ್ನೂರ ಒಂಬತ್ತು. ಕೆಲಸಕ್ಕೆ ತೆಗೆದುಕೊಂಡವರು ಸೊನ್ನೆ. ತೆಗೆದುಕೊಳ್ಳುವ ಅಗತ್ಯವೇ ಇರಲಿಲ್ಲ. ಪ್ರತಿ ಸೋಮವಾರ ಹೊಸ ಕೈಗಳು ಚಹಾದ ಬೆಲೆಗೆ ಬರುತ್ತಿದ್ದವು.

ಬೇರೆ ಗತಿಯಿಲ್ಲದೆ ಮತ್ತೆ ಬಂದ ಸೂರತ್ತಿನವನ ಮೂರನೇ ಟ್ರಯಲ್ಲೂ ಮುಗಿದ ದಿನ ಆ ಹಾಳೆಯನ್ನು ಮ್ಯಾನೇಜರ್ ಮುಂದಿಟ್ಟೆ. ನಾಚಿಕೆಪಡುತ್ತಾರೆ ಎಂದುಕೊಂಡಿದ್ದೆ. ಆ ವಯಸ್ಸಿಗೆ ನನಗೆ ಜನರ ಬಗ್ಗೆ ಅಷ್ಟು ಒಳ್ಳೆಯ ಅಭಿಪ್ರಾಯವಿತ್ತು. ಅವರು ಹಾಳೆಯನ್ನು ಎರಡು ಸಲ ಓದಿ ನನ್ನ ಬೆನ್ನು ತಟ್ಟಿದರು.

“ಏನ್ ನೀಟಾಗ್ ಬರ್ದಿದ್ದೀಯ ಕಣಯ್ಯ. ನಂಗೆ ಬೇಕಾಗಿದ್ದೇ ಇದು.”

ಬೇಕಾಗಿದ್ದು ಅಹಮದಾಬಾದಿಗೆ. ಅಲ್ಲಿನ ಬಡಾವಣೆಯಾದ ಸ್ಯಾಟಲೈಟ್‌ನ ತಂಪು ಸಭಾಂಗಣವೊಂದರಲ್ಲಿ ಕಾರ್ಖಾನೆ ಮಾಲೀಕರದೊಂದು ಸಮಾವೇಶವಿತ್ತು, ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹೆಚ್ಚು ಜನರಿಗೆ ಉದ್ಯೋಗ ಕೊಟ್ಟವರಿಗೆ ಸನ್ಮಾನ. ನಮ್ಮ ಮ್ಯಾನೇಜರ್ ನನ್ನ ಪಟ್ಟಿಯ ತಲೆಬರಹವನ್ನಷ್ಟೇ ಬದಲಿಸಿದ್ದರು: ‘ಟ್ರಯಲ್‌ಗೆ ಬಂದವರು’ ಇದ್ದಲ್ಲಿ ‘ಉದ್ಯೋಗ ಪಡೆದವರು’. ಹಾಗಾಗಿ ಸೂರತ್ತಿನ ಮನುಷ್ಯನಿಗೆ ನಮ್ಮ ಕಾರ್ಖಾನೆಯಲ್ಲಿ ಮೂರು ಸಲ ಕೆಲಸ ಸಿಕ್ಕಿತ್ತು. ವೇದಿಕೆಯ ಮೇಲಿದ್ದವರೊಬ್ಬರು, ನಿರುದ್ಯೋಗ ಇಳಿಯುತ್ತಲೇ ಇದೆ, ಈಗ ದುಡಿಯುವ ಮನಸ್ಸಿನವರೇ ಸಿಗುತ್ತಿಲ್ಲ ಎಂದರು. ಊಟಕ್ಕೆ ನಾಲ್ಕು ಬಗೆಯ ಸಿಹಿ. ವಾಪಸು ಬರುವಾಗ ಮಣಿನಗರದಲ್ಲಿ ರೈಲು ಹತ್ತಿ, ಸನ್ಮಾನದಲ್ಲಿ ಸಿಕ್ಕ ಹಿತ್ತಾಳೆಯ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅದರ ಅಂಚು ಒರಟಾಗಿತ್ತು. ಯಾರೂ ಲ್ಯಾಪಿಂಗ್ ಮಾಡಿರಲಿಲ್ಲ.

ನನಗೆ ಒಂದು ದಾರಿ ಹೊಳೆದದ್ದು ಆ ಪ್ರಯಾಣದಲ್ಲೇ. ಮರುದಿನ ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಒಂದು ಅನುಭವ ಪತ್ರ ಟೈಪ್ ಮಾಡಿದೆ: ಇವರು ನಮ್ಮಲ್ಲಿ ಲ್ಯಾಪಿಂಗ್ ಮಾಡಿದ್ದಾರೆ, ಮಾಡಿದ ಇಪ್ಪತ್ನಾಲ್ಕು ಬಳೆಗಳಲ್ಲಿ ಒಂದೂ ಕೆಟ್ಟಿಲ್ಲ. ಪ್ರತಿ ಅಕ್ಷರವೂ ನಿಜ.

“ಇವ್ನೆಲ್ಲಿ ನಮ್ಮಲ್ಲಿ ಕೆಲಸಕ್ಕಿದ್ದ?” ಮ್ಯಾನೇಜರ್ ಹುಬ್ಬೇರಿಸಿದರು.

“ಪಟ್ಟಿಯಲ್ಲಿದ್ದಾನೆ ಸಾರ್. ಮೂರು ಸಲ.”

ಅವರು ಗೋಡೆಯ ಮೇಲಿನ ಫಲಕ ನೋಡಿದರು, ನನ್ನನ್ನು ನೋಡಿದರು. “ಬಲೇ ಕಿಲಾಡಿ ಕಣಯ್ಯ ನೀನು,” ಎಂದು ಸಹಿ ಹಾಕಿದರು. ನನ್ನ ಸಂಬಳದ ಮಾತು ಆಮೇಲೆ ಯಾವತ್ತೂ ಬರಲಿಲ್ಲ.

ಪತ್ರ ತೆಗೆದುಕೊಳ್ಳಲು ಬಂದ ಸೂರತ್ತಿನವನು ಅದನ್ನು ವಜ್ರದ ಪೊಟ್ಟಣ ಮಡಿಸುವ ಹಾಗೆ, ಅಂಚು ಅಂಚಿನೊಳಗೆ ಸಿಕ್ಕಿಸಿ ಮಡಿಸಿಕೊಂಡ. ನವರಾತ್ರಿ ಮುಗಿದ ವಾರ ಅವನ ಫೋನ್ ಬಂತು. ಅಹಮದಾಬಾದಿನ ಕಾರ್ಖಾನೆಯೊಂದರಲ್ಲಿ ಕಾಯಂ ಕೆಲಸ. ಮಗಳು ಶಾಲೆಗೆ ಹೋಗುತ್ತಿದ್ದಾಳೆ.

“ಸಂಬಳ?”

“ಕತಾರ್‌ಗಾಮ್‌ನಲ್ಲಿ ಸಿಗುತ್ತಿದ್ದದ್ದಕ್ಕಿಂತ ಕಡಿಮೆ ಸಾಹೇಬ್. ಇಲ್ಲಿ ಮೊದಲಿದ್ದವನು ಹೆಚ್ಚು ಕೇಳಿದನಂತೆ. ನಾನು ಅವನಿಗಿಂತ ಎರಡು ಸಾವಿರ ಕಡಿಮೆಗೆ ಬರುತ್ತೇನೆ ಅಂದೆ.” ಆಮೇಲೆ, “ಒಳ್ಳೆ ಕೆಲಸಗಾರ ಅವನು. ನಿಮ್ಮ ಗೇಟಿನ ವಿಳಾಸ ಕೊಟ್ಟಿದ್ದೇನೆ. ಟ್ರಯಲ್ ಇರುತ್ತಲ್ಲ ಸೋಮವಾರ.”

ಅವನನ್ನು ಬೈಯಬೇಕೆನಿಸಿತು. ಯಾಕೆ ಬೈಯಬೇಕೆಂದು ಹುಡುಕಿದೆ, ಸಿಗಲಿಲ್ಲ. ನನ್ನ ಕುರ್ಚಿಯಲ್ಲಿ ಮೊದಲಿದ್ದವನು ಎಲ್ಲಿಗೆ ಹೋದ ಎಂದು ನಾನೂ ಒಮ್ಮೆಯೂ ಕೇಳಿರಲಿಲ್ಲ.

ಸೋಮವಾರ ಎಂಟೂ ಹತ್ತಕ್ಕೆ ಆ ಅಹಮದಾಬಾದಿನ ಮನುಷ್ಯ ಬಂದ. ನರೆತ ಮೀಸೆ, ಹೆಗಲಿಗೆ ಬಟ್ಟೆಯ ಚೀಲ. ಅವನಿಗಿಂತ ಮೊದಲೇ ಮೂವರು ಬರೆದು ಒಳಗೆ ಹೋಗಿದ್ದರು. ಹೆಸರು, ಊರು, ಅನುಭವ ತುಂಬಿದ. ಕೊನೆಯ ಕಾಲಮ್ಮಿಗೆ ಬಂದಾಗ ನಾನು ಮೇಲಿನ ಸಾಲುಗಳ ಮೇಲೆ ಅಂಗೈ ಇಟ್ಟೆ.

“ನಿಮಗೆ ಎಷ್ಟು ಬೇಕೋ ಅಷ್ಟು ಬರೆಯಿರಿ ಕಾಕಾ.”

ಅವನು ನನ್ನನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿದ. ಇಷ್ಟು ವರ್ಷ ಮೇಜಿನ ಹಿಂದೆ ಕೂತ ಎಷ್ಟು ಜನರನ್ನು ನೋಡಿದ್ದನೋ. ಬೇರೆಯವರ ಬಗ್ಗೆ ನನ್ನಲ್ಲಿದ್ದ ತಿರಸ್ಕಾರವೆಲ್ಲ ಅವನ ಆ ಒಂದು ನೋಟದ ಮುಂದೆ ಏನೂ ಅಲ್ಲ.

“ಕೈ ತೆಗೀರಿ ಸಾಹೇಬ್,” ಅಂದ. “ಮೇಲಿನವನು ಎಷ್ಟು ಬರೆದಿದ್ದಾನೆ ನೋಡಬೇಕು.”

ತೆಗೆದೆ.