ಸರ್‌ಗೆ ಕನ್ನಡ ಬರುವುದಿಲ್ಲ, ಹುದ್ದೆ ಭರ್ತಿಯಾಗಿದೆ

"ಇವತ್ತ ವಿಜ್ಞಾನದಾಗ ಏನ್ ಕಲ್ಸಿದ್ರು?" ಅಂತ ಕೇಳಿದೆ.

"ಏನಿಲ್ಲ ಆತ್ಯಾ. ಸುಮ್ನ ಕುಂತಿದ್ವಿ," ಅಂದಳು ಅಕ್ಷತಾ.

ಅಕ್ಷತಾ ನನ್ನ ಅಣ್ಣನ ಮಗಳು. ಏಳನೇ ಇಯತ್ತೆ. (ನಮ್ಮ ಕಡೆ ತರಗತಿಗೆ ಇಯತ್ತೆ ಅನ್ನುತ್ತೇವೆ. ಸೊಲ್ಲಾಪುರದ ಕಿರಾಣಿ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದವಳ ಕನ್ನಡದಲ್ಲಿ ಇಷ್ಟಾದರೂ ಮರಾಠಿ ಇರದಿದ್ದರೆ ಹೇಗೆ?) ನನ್ನ ತವರು ಅಕ್ಕಲಕೋಟ ತಾಲ್ಲೂಕಿನ ಒಂದು ಹಳ್ಳಿ, ಮೈಂದರ್ಗಿಯಿಂದ ದೂರವಿಲ್ಲ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಶಾಲೆಗೆ ಯಾವುದಾದರೂ ತನಿಖೆ ಬಂದು ಕೂತೀತು.

ಶನಿವಾರ ಮಧ್ಯಾಹ್ನ ಸೀತನಿ ತಿನ್ನಲು ಹೋಗಿದ್ದೆ. ಎಳೆ ಜೋಳದ ತೆನೆ ಸುಟ್ಟು, ಉಜ್ಜಿ, ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುವ ಕಾಲ. ಅಂಥ ಹೊತ್ತಿನಲ್ಲಿ ಮಗು "ಸುಮ್ನ ಕುಂತಿದ್ವಿ" ಅಂದರೆ ಬಾಯಿಗೆ ಹಾಕಿದ ಕಾಳು ರುಚಿಸುತ್ತದೆಯೇ?

"ಯಾಕ? ಸರ್ ಬಂದಿಲ್ಲೇನು?"

"ಬಂದಾರ. ಅವ್ರಿಗಿ ಕನ್ನಡ ಬರಂಗಿಲ್ಲ. ನಮ್ಮ ಕಡಿಂದನ ಪುಸ್ತಕ ಓದಸ್ತಾರ. ಆಮ್ಯಾಲ 'ಕಳಲಂ ಕಾ?' ಅಂತ ಕೇಳ್ತಾರ. ನಾವು 'ಹೋ ಸರ್' ಅಂತೀವಿ."

"ತಿಳೀಲಿಲ್ಲ ಅಂತ ಹೇಳಬೇಕಿಲ್ಲ?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ತಿಳೀಲಿಲ್ಲ ಅಂತ ಹೇಳಿದ್ರ ಅದು ಸರ್‌ಗಿ ತಿಳೀಬೇಕಲ್ಲ ಆತ್ಯಾ?"

ಅದು ಕನ್ನಡ ಮಾಧ್ಯಮದ ಶಾಲೆ. ಸರ್ಕಾರದ್ದೇ. ಪುಸ್ತಕಗಳೂ ಕನ್ನಡದಲ್ಲೇ ಇವೆ, ಮಹಾರಾಷ್ಟ್ರ ಸರ್ಕಾರವೇ ಅಚ್ಚು ಹಾಕಿಸಿ ಕೊಡುತ್ತದೆ. ಮಕ್ಕಳು ಕನ್ನಡದವರು, ಪುಸ್ತಕ ಕನ್ನಡದ್ದು, ಗೋಡೆಯ ಮೇಲಿನ ಸುವಿಚಾರ ಕನ್ನಡದ್ದು. ಮೇಷ್ಟ್ರು ಮಾತ್ರ ಮರಾಠಿಯವರು. ಹಳೆಯ ವಿಜ್ಞಾನ ಶಿಕ್ಷಕರು ನಿವೃತ್ತರಾದರು, ದೀಪಾವಳಿ ರಜೆ ಮುಗಿದ ಮೇಲೆ ಇವರು ಬಂದರು.

"ಈ ಹುಡ್ಗಿ ನರ್ಸ್ ಆಗ್ತೀನಿ ಅಂತದ," ಅಂದರು ಮಹಾದೇವಿ ವೈನಿ, ನನ್ನ ಅಣ್ಣನ ಹೆಂಡತಿ. "ವಿಜ್ಞಾನನ ತಿಳೀಲಿಲ್ಲಂದ್ರ ಏನ್ ನರ್ಸ್ ಆಗ್ತದ? ಸೋಮವಾರ ನಾ ಆಫೀಸಿಗಿ ಹೊಂಟೀನಿ ಸುನಂದಾ. ನೀನೂ ಬಾ. ನಿನಗ ಆಫೀಸದ ಮರಾಠಿ ಚಲೋ ಬರ್ತದ."

ಅಣ್ಣ ಸಿದ್ಧಾರಾಮ "ಇದ್ದೂರಾಗಿದ್ದು ಸಾಹೇಬ್ರ ಕೂಡ ಯಾಕ ಜಗಳ?" ಅಂದ. ವೈನಿ ಅವನ ತಟ್ಟೆಗೆ ಇನ್ನಷ್ಟು ಸೀತನಿ ಸುರುವಿದರು. ಮಾತು ಮುಗಿಯಿತು ಅಂತ ಅದರ ಅರ್ಥ.

ಸೋಮವಾರ ಮೊದಲು ಶಾಲೆಗೆ ಹೋದೆವು. ಆ ಮೇಷ್ಟ್ರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕು ಅಂತ ನಾನು ಒಳಗೊಳಗೇ ಸಿದ್ಧಳಾಗಿದ್ದೆ. ನೋಡಿದರೆ ನನ್ನ ಸಣ್ಣ ಮಗನ ವಯಸ್ಸಿನ ಹುಡುಗ. ಊರು ನಾಶಿಕದ ಆಚೆ. ಬೆಂಚಿನ ಧೂಳು ತಾನೇ ಒರೆಸಿ ನಮ್ಮನ್ನು ಕೂರಿಸಿದ.

"ನಾನು ಕೇಳಿದ್ದು ಮರಾಠಿ ಶಾಲೆ ತಾಯಿ," ಅಂತ ಮರಾಠಿಯಲ್ಲಿ ಹೇಳಿದ. "ಕಂಪ್ಯೂಟರ್ ಇಲ್ಲಿಗೆ ಹಾಕಿತು. ಬರುವುದಿಲ್ಲ ಅಂದರೆ ನೌಕರಿ ಹೋಗುತ್ತದೆ. ಮಕ್ಕಳು ಹೋ ಸರ್, ಹೋ ಸರ್ ಅನ್ನುತ್ತವೆ. ಅವಕ್ಕೆ ಏನೂ ಗೊತ್ತಾಗಿಲ್ಲ ಅಂತ ನನಗೂ ಗೊತ್ತು."

ಅವನಿಗೆ ಆಗಲೇ ಬರುತ್ತಿದ್ದ ಕನ್ನಡ: ಕುಂದ್ರಿ, ಸುಮ್ನಿರ್ರಿ, ನೀರು. ಇಷ್ಟರಲ್ಲಿ ಜೀರ್ಣಕ್ರಿಯೆ ಹೇಗೆ ಕಲಿಸುವುದು?

ಬೈಯಲು ಹೋದವಳಿಗೆ ಬೈಗುಳ ಸಿಗಲಿಲ್ಲ. ಹಾಗಾದರೆ ಯಾರನ್ನು ಬೈಯಬೇಕು? ಈ ದೇಶದ ಶಿಕ್ಷಣ ವ್ಯವಸ್ಥೆಯ ಮಜಾ ಇರುವುದೇ ಇಲ್ಲಿ. ಶಾಲೆಯ ಮೇಲೆ ಕೇಂದ್ರ (ನಿಮ್ಮ ಕಡೆ ಕ್ಲಸ್ಟರ್ ಅನ್ನುತ್ತೀರಲ್ಲ, ಅದು), ಕೇಂದ್ರದ ಮೇಲೆ ತಾಲ್ಲೂಕು, ತಾಲ್ಲೂಕಿನ ಮೇಲೆ ಜಿಲ್ಲಾ ಪರಿಷತ್ತು, ಅದರ ಮೇಲೆ ಪುಣೆ, ಪುಣೆಯ ಮೇಲೆ ಮುಂಬೈ, ಎಲ್ಲರ ನೆತ್ತಿಯ ಮೇಲೆ ದೆಹಲಿ. ಕೇಳಿದರೆ ಎಲ್ಲರೂ ಕೈ ಮೇಲಕ್ಕೇ ತೋರಿಸುತ್ತಾರೆ. ತಮಾಷೆ ಏನು ಗೊತ್ತೇ? ಎಲ್ಲಕ್ಕಿಂತ ಮೇಲೆ ಇರುವ ಸಂವಿಧಾನ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಲಭ್ಯ ಕೊಡಿ ಅನ್ನುತ್ತದೆ. ದೆಹಲಿಯ ಹೊಸ ನೀತಿಯೂ ಆದಷ್ಟು ಮನೆಮಾತಿನಲ್ಲೇ ಕಲಿಸಿ ಅನ್ನುತ್ತದೆ. ಮುಂಬೈ ಕನ್ನಡ ಶಾಲೆಗೆ ಮಂಜೂರಿ ಕೊಟ್ಟಿದೆ. ಅಂದರೆ ಮೇಲಿನವರೆಲ್ಲ ಹೂಂ ಅಂದಿದ್ದಾರೆ. ಕೆಳಗೆ, ಮಗು ಕೂತಿರುವ ಬೆಂಚಿನ ಹತ್ತಿರ ಬರುವಷ್ಟರಲ್ಲಿ ಆ ಹೂಂ ಎಲ್ಲಿಗೆ ಹೋಯಿತು?

ಅಲ್ಲಿಂದ ಅಕ್ಕಲಕೋಟಕ್ಕೆ, ತಾಲ್ಲೂಕು ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋದೆವು. ವೈನಿ, ನಾನು, ಇನ್ನೊಂದಿಷ್ಟು ತಾಯಂದಿರು. ಟಮ್‌ಟಮ್‌ನಲ್ಲಿ ಕೂತು ದಾರಿಯುದ್ದಕ್ಕೂ ನಾನು ಮರಾಠಿಯಲ್ಲಿ ಭಾಷಣ ಜೋಡಿಸಿಕೊಂಡೆ. ಮಾನನೀಯ ಮಹೋದಯದಿಂದ ಹಿಡಿದು ನಮ್ರ ವಿನಂತಿಯವರೆಗೆ.

ಸಾಹೇಬರು ಮರ್ಯಾದಸ್ಥರು. ಕುರ್ಚಿ ತರಿಸಿದರು. "ಬೋಲಾ" ಅಂದರು. ನಾನು ಗಂಟಲು ಸರಿಮಾಡಿಕೊಂಡೆ.

ವೈನಿ ನನ್ನ ಮೊಣಕೈ ಒತ್ತಿ, ತಾವೇ ಶುರು ಮಾಡಿದರು. ಕನ್ನಡದಲ್ಲಿ.

"ನಮಸ್ಕಾರ್ರಿ ಸಾಹೇಬ್ರ. ನಮ್ಮ ಸಾಲ್ಯಾಗ ವಿಜ್ಞಾನ ಹೇಳೋರಿಲ್ರಿ. ಹಿಂದಿನ ಮಾಸ್ತರ ಇದ್ದಾಗ ನಮ್ಮ ಹುಡ್ಗಿ ಸಂಜಿಕಿ ಬಂದು ನನಗ ಪಾಠ ಹೇಳ್ತಿತ್ರಿ. ರೊಟ್ಟಿ ಹೊಟ್ಟ್ಯಾಗ ಹ್ಯಾಂಗ ಕರಗತದ, ರಕ್ತ ಎಲ್ಲಿಂದ ಎಲ್ಲಿಗಿ ಹೋಗತದ, ಎಲ್ಲಾ ಹೇಳ್ತಿತ್ತು. ಈಗ ಸಾಲಿಂದ ಬಂದು ಚೀಲ ಒಗದು ಸುಮ್ನ ಕುಂದರತದ..."

"ಬಾಯಿ, ಮರಾಠೀತ ಬೋಲಾ," ಅಂದರು ಸಾಹೇಬರು.

ವೈನಿ ನಿಲ್ಲಲಿಲ್ಲ. ದನಿ ಏರಿಸಲೂ ಇಲ್ಲ. ಮಗಳ ಮಾತಾಯಿತು, ಪಕ್ಕದ ಮನೆಯ ಹುಡುಗನ ಮಾತಾಯಿತು. ಸಾಹೇಬರು ಒಮ್ಮೆ ಗೋಡೆ ನೋಡಿದರು, ಒಮ್ಮೆ ಫ್ಯಾನು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, ಇವರೇನು ಹೇಳುತ್ತಿದ್ದಾರೆ ನೀವಾದರೂ ಹೇಳಿ ಅಂದರು.

"ಏನೂ ಹೇಳಬ್ಯಾಡ ಸುನಂದಾ. ಸುಮ್ನ ಕುಂದ್ರು," ಅಂದರು ವೈನಿ. ಮತ್ತೆ ಮುಂದುವರಿಸಿದರು.

ಸಾಹೇಬರ ಮುಖ ಕೆಂಪಾಯಿತು. ಮೇಜು ತಟ್ಟಿದರು. ನನಗೆ ಒಂದಕ್ಷರವೂ ತಿಳಿಯುತ್ತಿಲ್ಲ, ನನ್ನ ವೇಳೆ ಯಾಕೆ ಹಾಳು ಮಾಡುತ್ತೀರಿ ಅಂತ ಮರಾಠಿಯಲ್ಲಿ ಗದರಿದರು.

ಆಗ ವೈನಿ ಮರಾಠಿಗೆ ಬಂದರು. ಸೊಲ್ಲಾಪುರದ ಉಳ್ಳಾಗಡ್ಡಿ ಬಜಾರಿನಲ್ಲಿ ದಲಾಲರ ಬಾಯಿ ಮುಚ್ಚಿಸುವ ಮರಾಠಿ ಅದು.

"ಇಷ್ಟು ಹೊತ್ತಿಗೇ ನಿಮಗೆ ಸಿಟ್ಟು ಬಂತು ಸಾಹೇಬ. ನೀವು ದೊಡ್ಡವರು, ಮೇಜು ತಟ್ಟಿದಿರಿ. ನಮ್ಮ ಮಕ್ಕಳು ದೀಪಾವಳಿಯಿಂದ ಹೀಗೇ ಕೂತಿವೆ. ಅವು ಏನು ತಟ್ಟಬೇಕು?"

ಬಾಗಿಲಲ್ಲಿ ಚಹಾ ತಂದ ಸಿಪಾಯಿ ಅಲ್ಲೇ ನಿಂತುಬಿಟ್ಟ.

ಸಾಹೇಬರು ಫೋನ್ ಎತ್ತಿಕೊಂಡು ಆ ಮೇಷ್ಟ್ರಿಗೇ ಹಚ್ಚಿದರು. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು. (ಹುಡುಗ ಹೆದರಿ ಎಲ್ಲ ಸರಿಯಾಗಿದೆ ಅಂತಾನೆ ಅನ್ನುವ ಲೆಕ್ಕ ಇದ್ದೀತು.) ಮಕ್ಕಳಿಗೆ ನಿಮ್ಮ ಪಾಠ ತಿಳಿಯುತ್ತದೋ ಇಲ್ಲವೋ ಅಂತ ಕೇಳಿದರು. ಅವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

"ನಾಹೀ ಸಾಹೇಬ," ಅಂದ ಹುಡುಗ. "ನನ್ನದು ಅವರಿಗೆ ತಿಳಿಯುವುದಿಲ್ಲ, ಅವರದು ನನಗೆ ತಿಳಿಯುವುದಿಲ್ಲ."

ಸಾಹೇಬರು ಫೋನ್ ಇಟ್ಟು, ಕಂಪ್ಯೂಟರಿನ ಪರದೆ ನಮ್ಮ ಕಡೆ ತಿರುಗಿಸಿದರು. ನಿಮ್ಮ ಶಾಲೆಯಲ್ಲಿ ವಿಜ್ಞಾನದ ಹುದ್ದೆ ಭರ್ತಿಯಾಗಿದೆ, ಇಲ್ಲೇ ಇದೆ ನೋಡಿ ಅಂದರು. ಭರ್ತಿಯಾದ ಹುದ್ದೆಗೆ ಇನ್ನೊಬ್ಬರನ್ನು ಕೊಡಲು ನಿಯಮ ಇಲ್ಲವಂತೆ. ಬಂದ ಮೇಷ್ಟ್ರಿಗೆ ಮಕ್ಕಳ ಭಾಷೆ ಬರುತ್ತದೋ ಇಲ್ಲವೋ ಅಂತ ಆ ಪರದೆ ಕೇಳುವುದೇ ಇಲ್ಲ. ಆಮೇಲೆ, ತೀರಾ ಸಹಜವಾಗಿ, ಒಂದು ಪರಿಹಾರ ಹೇಳಿದರು. ಮಕ್ಕಳನ್ನು ಮರಾಠಿ ಮಾಧ್ಯಮಕ್ಕೆ ಹಾಕಿಬಿಡಿ, ಇರುವುದು ಮಹಾರಾಷ್ಟ್ರದಲ್ಲಿ ತಾನೇ?

"ಮಾಸ್ತರನ್ನ ಬದಲಿ ಮಾಡಾಕ ಆಗಂಗಿಲ್ಲಂತ ಮಕ್ಕಳನ್ನ ಬದಲಿ ಮಾಡ್ತೀರೇನ್ರಿ?" ಅಂದರು ವೈನಿ. ಸಾಹೇಬರಿಗೆ ತಿಳಿಯಲಿ ಅಂತ ಅದನ್ನೇ ಮರಾಠಿಯಲ್ಲೂ ಹೇಳಿದರು. "ನಾಳೆಯಿಂದ ವಿಜ್ಞಾನದ ಪೀರಿಯಡ್ ನಿಮ್ಮ ಪಡಸಾಲೆಯಲ್ಲಿ" ಅಂತ ಸೇರಿಸಿ ಎದ್ದರು.

ಮಾತಿಗೆ ಹೇಳಿದ್ದು ಅಂದುಕೊಂಡೆ. ಮರುದಿನ ಅಣ್ಣನೇ (ಹೌದು, ಜಗಳ ಬೇಡ ಅಂದಿದ್ದ ಅಣ್ಣನೇ) ಟೆಂಪೋ ತಂದ. ಮಕ್ಕಳು ಸಮವಸ್ತ್ರ ಹಾಕಿಕೊಂಡು, ಪಾಟೀಚೀಲ ಹೊತ್ತು ಬಂದು ಕಚೇರಿಯ ಪಡಸಾಲೆಯಲ್ಲಿ ಸಾಲಾಗಿ ಕೂತವು. ಘೋಷಣೆ ಇಲ್ಲ, ಧಿಕ್ಕಾರ ಇಲ್ಲ. ಅಕ್ಷತಾ ವಿಜ್ಞಾನದ ಪುಸ್ತಕ ತೆರೆದು ದೊಡ್ಡದಾಗಿ ಓದಿದಳು. ಅರ್ಥವಾಗದ ಕಡೆ ನಿಲ್ಲಿಸಿ, ಹೋಗಿಬರುವವರನ್ನೆಲ್ಲ "ಇದರ ಅರ್ಥ ಏನ್ರಿ?" ಅಂತ ಕೇಳಿದಳು. ಕೆಲಸಕ್ಕೆ ಬಂದ ಜನ ನಿಂತು ನೋಡಿದರು. ಅವರಲ್ಲಿ ಮರಾಠಿ ಮನೆಯ ಒಬ್ಬ ಅಜ್ಜಿ ವಿಷಯ ಕೇಳಿ ತಿಳಿದುಕೊಂಡು, ಒಳಗೆ ಹೋಗಿ, ಈ ಮಕ್ಕಳಿಗೆ ಮೊದಲು ಮೇಷ್ಟ್ರನ್ನು ಕೊಡಿ, ನನ್ನ ಕೆಲಸ ಆಮೇಲೆ ನೋಡಿ ಅಂತ ಹೇಳಿ ಬಂದರು. ಜಗಳ ಎರಡು ಭಾಷೆಗಳ ನಡುವೆ ಇದೆ ಅನ್ನುವವರು ಆ ಅಜ್ಜಿಯನ್ನು ನೋಡಬೇಕಿತ್ತು.

ಎರಡನೆಯ ದಿನವೂ ಕೂತವು. ಮೂರನೆಯ ದಿನ ನಿಯಮ ಸಿಕ್ಕಿತು.

ಕುರನೂರಿನ ಕಡೆಯ ಒಂದು ಶಾಲೆಯಲ್ಲಿದ್ದ ಕನ್ನಡದ ಶಿಕ್ಷಕಿ ಈಗ ವಾರದಲ್ಲಿ ಮೂರು ದಿನ ನಮ್ಮೂರಿಗೆ ಬಂದು ವಿಜ್ಞಾನ ಹೇಳುತ್ತಾರೆ. ನಾಶಿಕದ ಹುಡುಗನನ್ನು ಹತ್ತಿರದ ಮರಾಠಿ ಶಾಲೆಗೆ ಕಳಿಸಿದರು. ಅಲ್ಲಿ ವಿಜ್ಞಾನದ ಜಾಗ ಖಾಲಿಯೇ ಇತ್ತಂತೆ. ಆ ಮಕ್ಕಳೂ ಸುಮ್ಮನೆ ಕೂತಿದ್ದವಂತೆ. ಈಗ ಅವನ ಪಾಠ ಅವರಿಗೆ ಚೆನ್ನಾಗಿ ತಿಳಿಯುತ್ತಿದೆ. ಕನ್ನಡದ ಮಕ್ಕಳು ಹಠ ಹಿಡಿದದ್ದರಿಂದ ಮರಾಠಿ ಮಕ್ಕಳಿಗೂ ಮೇಷ್ಟ್ರು ಸಿಕ್ಕರು. ಇದನ್ನು ಯಾವ ಪರದೆ ತೋರಿಸುತ್ತದೆ?

ಆದರೆ ಆದೇಶದಲ್ಲಿ "ತಾತ್ಪುರತೀ ವ್ಯವಸ್ಥಾ" ಅಂತಿದೆ. ತಾತ್ಕಾಲಿಕ ಅಂತ ಅರ್ಥ. ಮುಂದಿನ ವರ್ಷ ಮತ್ತೆ ಇದೇ ಪಾಡಾದರೆ ಏನು ಮಾಡುತ್ತೀರಿ ಅಂತ ವೈನಿಯನ್ನು ಫೋನಿನಲ್ಲಿ ಕೇಳಿದೆ.

"ಏನ್ ಮಾಡೂದು? ಪಡಸಾಲಿ ಎಲ್ಲಿ ಹೋಗತದ?" ಅಂದರು.

ಗಡಿಯ ಆಚೆಗಿನ ಬಂಧುಗಳೇ, ನಿಮಗೂ ಒಂದು ಮಾತು. ನವೆಂಬರ್‌ನಲ್ಲಿ ನಮಗೆ ಶಾಲು ಹೊದಿಸುತ್ತೀರಿ. ಡಿಸೆಂಬರ್‌ನಲ್ಲಿ ಫೋನ್ ಎತ್ತುವುದಿಲ್ಲ. ಶಾಲು ಸಾಕು, ವಿಜ್ಞಾನ ಗಣಿತ ಹೇಳಬಲ್ಲ ಕನ್ನಡದ ಹುಡುಗ ಹುಡುಗಿಯರು ಇಲ್ಲಿ ಡಿ.ಎಡ್., ಬಿ.ಎಡ್. ಮಾಡುವ ಹಾಗೆ ಏನಾದರೂ ಮಾಡಿ.

ಮೊನ್ನೆ ಸೊಲ್ಲಾಪುರದಲ್ಲಿ ಒಂದು ಮದುವೆ ಊಟಕ್ಕೆ ಹೋಗಿದ್ದೆ. ಪಕ್ಕದಲ್ಲಿ ಕೂತ ಒಬ್ಬರು (ನಮ್ಮವರೇ, ಮನೆಯಲ್ಲಿ ಕನ್ನಡವೇ) ಈ ಕಥೆ ಕೇಳಿ ನಕ್ಕರು. "ಇದೆಲ್ಲಾ ಸುಮ್ನ ಹಠ ನೋಡ್ರಿ. ಇಂಗ್ಲಿಷ್ ಮೀಡಿಯಮ್ಮಿಗಿ ಹಾಕಿದ್ರ ಮುಗೀತಲ್ಲ," ಅಂದರು. ಮಗುವಿಗೆ ಇಂಗ್ಲಿಷ್ ಬೇಕು, ಮರಾಠಿ ಬೇಕು, ಹಿಂದಿಯೂ ಬರಲಿ. ಯಾರು ಬೇಡ ಅಂದರು? ಅಕ್ಷತಾ ಮರಾಠಿಯಲ್ಲಿ ನನಗಿಂತ ಚೆನ್ನಾಗಿ ಪ್ರಬಂಧ ಬರೆಯುತ್ತಾಳೆ. ಅವಳು ಕೇಳುತ್ತಿರುವುದು ಇಷ್ಟೇ: ನೀವೇ ತೆರೆದ ಶಾಲೆಯಲ್ಲಿ, ನೀವೇ ಕೊಟ್ಟ ಪುಸ್ತಕವನ್ನು, ನನಗೆ ತಿಳಿಯುವ ಮಾತಿನಲ್ಲಿ ಹೇಳಿಕೊಡಿ.

ಅದಕ್ಕೆ ಹಠ ಅಂತ ಹೆಸರಾದರೆ, ಹೌದ್ರಿ, ನಮಗೆ ಹಠ ಇದೆ. ಏನೀಗ?