ಒರಳಿಗೆ ಜೊತೆಯಾದವಳು

ಈ ಮಾತನ್ನು ಬರೆಯಲು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಕನ್ನಡಕ ಸಿಗಲಿಲ್ಲ, ಪೆನ್ನು ಸರಿಯಿಲ್ಲ, ಹೊರಗೆ ಯಾರೋ ಕರೆದರು. ನೆಪಕ್ಕೆ ಬರವೇ? ಮೊನ್ನೆ ಮೊಮ್ಮಗನ ಹೆಂಡತಿ ಶೈಲಾ ಬಾಗಿಲ ಹಿಂದಿನ ಗೂಟಕ್ಕೆ ಒಂದು ಚೀಲ ತೂಗುಹಾಕಿದಳು. ಅದರಲ್ಲಿ ಬ್ಯಾಟರಿ, ಗುಳಿಗೆ, ನೀರಿನ ಬಾಟಲಿ, ಒಂದು ಕಟ್ಟು ಕಟಕ ಜೋಳದ ರೊಟ್ಟಿ. ಹುಬ್ಬಳ್ಳಿಯಂಥ ಊರು, ಮೂರನೆಯ ಮಹಡಿಯ ಮನೆ. ಬೆಂಕಿಯೋ ಇನ್ನೊಂದೋ ಆದರೆ ಇರಲಿ ಎಂದು. ರೊಟ್ಟಿಯ ವಾಸನೆ ಬಂತು ನೋಡಿ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ ಎನಿಸಿತು.

ಸ್ವಾತಂತ್ರ್ಯ ಬಂದ ಮರುವರ್ಷ ನಾವು ಬೆಟಗೇರಿಯಲ್ಲಿ ಬಾಡಿಗೆಗಿದ್ದೆವು. ಹಮ್ಮಿಗಿಯ ಹೊಳೆದಂಡೆಯಿಂದ ಬಂದ ನಮಗೆ ಗದಗ-ಬೆಟಗೇರಿಯೇ ಮಹಾಪಟ್ಟಣ. ನಾನು ಹತ್ತಿ ಅಂಗಡಿಯ ಗುಮಾಸ್ತ. ಮ್ಯಾಟ್ರಿಕ್ ಆದವನೆಂಬ ಬಿಂಕ ಬೇರೆ. ಗಡಿಯಾಚೆ ನಿಜಾಮರ ಸೀಮೆಯಲ್ಲಿ ಆಗ ಗಲಭೆ. ಊರು ಬಿಟ್ಟು ಬಂದವರು ನಮ್ಮಲ್ಲಿಯ ಗುಡಿ, ಛತ್ರಗಳಲ್ಲಿ ತುಂಬಿಕೊಂಡಿದ್ದರು. ಅವರ ಕಥೆ ಕೇಳಿ ಕೇಳಿ ನಾನು ಮನೆಯವರಿಗೆ ತಾಲೀಮು ಶುರುಮಾಡಿದೆ. ತಾಟು ಬಡಿದ ಕೂಡಲೇ ಹೆಂಡತಿ ಕೂಸನ್ನೂ ರೊಟ್ಟಿ ಗಂಟನ್ನೂ ಎತ್ತಿಕೊಳ್ಳಬೇಕು. ಚಿಕ್ಕಪ್ಪನ ಮಗ ಬಸು ತಾಮ್ರದ ಕೊಡ, ಹಾಸಿಗೆ. ನಾನು ಒಡವೆ ಪೆಟ್ಟಿಗೆ ಹಿಡಿದು, ಕೊನೆಗೆ ಬಂದು ಬಾಗಿಲಿಗೆ ಕೀಲಿ ಹಾಕಬೇಕು. ಎಲ್ಲರೂ ಸ್ಟೇಶನ್ನಿನಲ್ಲಿ ಕೂಡಬೇಕು. ದಂಡಿನ ಸುಬೇದಾರನಿಗೂ ಅಷ್ಟು ಠೀವಿ ಇರಲಿಕ್ಕಿಲ್ಲ.

ಮನೆಯಲ್ಲಿ ಇನ್ನೊಬ್ಬಳಿದ್ದಳು, ಅಪ್ಪನ ಅಕ್ಕ. ನಾವೆಲ್ಲ ಅತ್ತಿ ಎನ್ನುತ್ತಿದ್ದೆವು. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಹೊಳೆ ಊರೊಳಗೆ ನುಗ್ಗಿದ ವರ್ಷ ಮನೆಯ ಒಂದು ಕಡ್ಡಿಯನ್ನೂ ಮುಟ್ಟದೆ, ನನ್ನೊಬ್ಬನನ್ನೇ ಬಗಲಲ್ಲಿ ಹೊತ್ತು ದಿನ್ನೆ ಹತ್ತಿದವಳು. ಮುಂದೆ ಜಾರಿ ಬಿದ್ದು ಸೊಂಟ ಮುರಿದು, ತೆವಳಿಯೇ ಓಡಾಡುತ್ತಿದ್ದಳು. ತಾಲೀಮು ನೋಡಿ ಅವಳಿಗೆ ನಗು.

"ಎಲ್ಲಾ ಹಂಚಿದಿ ಖರೆ. ಈ ಒರಳು ಯಾರ ಪಾಲಿಗೋ ತಮ್ಮಾ?"

"ಒರಳು ಯಾರು ಹೊರ್ತಾರ ಅತ್ತಿ? ಅದು ಇದ್ದಲ್ಲೇ ಇರ್ತೈತಿ."

"ಹಂಗಾರ ನನಗ ಜೊತಿ ಆತು ಬಿಡು."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಂದು ಮಧ್ಯಾಹ್ನ ಓಣಿಯಲ್ಲಿ "ಬಂದ್ರು, ಬಂದ್ರು" ಎಂದು ಕೂಗೆದ್ದಿತು. ಅಂಗಡಿಗಳ ಬಾಗಿಲು ದಡದಡ ಮುಚ್ಚಿದವು. ಗಡಿಯಾಚೆಯ ಗಲಭೆಕೋರರೇ ಬಂದರೆಂದು ನಾನು ತಾಟು ಬಡಿದೆ. ತಾಲೀಮು ಒಂದಿಷ್ಟೂ ತಪ್ಪಲಿಲ್ಲ. ಸ್ಟೇಶನ್ನಿನ ಕಟ್ಟೆಯ ಮೇಲೆ ಕೂತು ಉಸಿರು ಬಿಟ್ಟಾಗ ಹೆಂಡತಿ ಕೇಳಿದಳು, "ಅತ್ತಿ ಎಲ್ಲೆ ಅದಾರ್ರಿ?"

"ನನ್ನ ಕೈಯಾಗ ಕೊಡ ಇತ್ತಲ್ಲ ಅಣ್ಣಾ," ಎಂದ ಬಸು.

"ಹೋಗಿ ಕರ್ಕೊಂಡು ಬರ್ರಿ, ಜಲ್ದಿ."

"ಪೆಟ್ಟಿಗಿ ಯಾರು ನೋಡ್ಕೊಳ್ಳೋರು?" ಎಂದೆ.

ಮರೆತದ್ದನ್ನು ದೇವರು ಕ್ಷಮಿಸಿಯಾನು. ಈ ಮಾತನ್ನು? ಬಸು ಎದ್ದು ಕೀಲಿಕೈಗೆ ಕೈ ಚಾಚಿದ. "ಸುಮ್ಮ ಕುಂಡ್ರಲೇ," ಎಂದು ಗದರಿದೆ. ಕೀಲಿಕೈ ನನ್ನ ಕಿಸೆಯಲ್ಲೇ ಉಳಿಯಿತು. ಹೊತ್ತು ಇಳಿದ ಮೇಲೆ ನಿಜ ತಿಳಿಯಿತು: ಬಂದವರು ಮುಂಡರಗಿ ಕಡೆಯಿಂದ ಚಕ್ಕಡಿಗಳಲ್ಲಿ ಬಂದ ನಿರಾಶ್ರಿತರು. ನಮ್ಮಂತೆಯೇ ಗಂಟು ಕಟ್ಟಿಕೊಂಡವರು. ಆದರೆ ಅವರ ಚಕ್ಕಡಿಗಳಲ್ಲಿ ಮುದುಕಿಯರೂ ಇದ್ದರು.

ಬಾಗಿಲು ತೆಗೆದಾಗ ಅತ್ತಿ ಒರಳಿಗೆ ಒರಗಿ ಕೂತಿದ್ದಳು. ಹೊಸ್ತಿಲವರೆಗೆ ತೆವಳಿ, ಮರಳಿ ಹೋದ ಗುರುತು ಸಗಣಿ ಸಾರಿಸಿದ ನೆಲದ ಮೇಲೆ ಹಾಗೇ ಇತ್ತು.

"ಕೂಸು ಹಸದಿರ್ತೈತಿ. ಹಾಲು ಕಾಸೀನಿ, ನೋಡು," ಎಂದಳು.

ಪಕ್ಕದ ಮನೆಯ ನೇಕಾರ ಈರಪ್ಪ ಇಣುಕಿದ. "ಏನ್ರಿ, ಮುದುಕೀನ ಒಳಗಿಟ್ಟು ಕೀಲಿ ಜಡಿದು ಹೋಗಿದ್ರೇನು?"

ನಾನು ಬಾಯಿ ತೆರೆಯುವ ಮೊದಲೇ ಅತ್ತಿ ಹೇಳಿದಳು, "ನಾನಽ ಒಲ್ಲೆ ಅಂದೇನಪಾ. ಮನಿ ಕಾಯಾಕ ಯಾರಾರ ಬೇಕಲ್ಲ."

ಆ ಸುಳ್ಳನ್ನು ಮಾತ್ರ ನಾನು ಚೆನ್ನಾಗಿ ಹೊತ್ತುಕೊಂಡೆ. ಮದುವೆಯ ಪಂಕ್ತಿಯಲ್ಲಿ, ಅಂಗಡಿಯ ಕಟ್ಟೆಯಲ್ಲಿ ಅತ್ತಿಯ ಧೈರ್ಯ ಬಣ್ಣಿಸಿದೆ. ಅವಳೆದುರು ಹೇಳಿದಾಗಲೆಲ್ಲ ಅವಳು ತಲೆ ತಗ್ಗಿಸಿ ಒರಳು ಒರೆಸುತ್ತಿದ್ದಳು. ನಾಡು ಒಂದಾದ ವರ್ಷ ತೀರಿಕೊಂಡಳು. ಅಂದೂ ಬಂದವರಿಗೆ ಅದೇ ಕಥೆ ಹೇಳಿದೆ.

ಮೊನ್ನೆ ಶೈಲಾ ಚೀಲ ತೂಗುಹಾಕಿ ಎಲ್ಲರಿಗೂ ಕೆಲಸ ಹಂಚತೊಡಗಿದಳು. ಮೊಣಕಾಲು ಸೋತ ನಾನು ಮೂಲೆಯ ಕುರ್ಚಿಯಲ್ಲಿ ಕೂತು, ಅತ್ತಿಯ ಒರಳಿನ ಮಾತು ಇನ್ನೇನು ನನ್ನ ಬಾಯಿಂದಲೇ ಬರುತ್ತದೆ ಎಂದುಕೊಳ್ಳುತ್ತಿದ್ದೆ.

"ಮೊದಲ ಅಜ್ಜಾರು," ಎಂದಳು ಗಂಡನಿಗೆ. "ಅವರನ್ನ ನೀವು ಬೆನ್ನ ಮ್ಯಾಲೆ ಹೊತ್ಕೋರಿ. ಚೀಲ ಆಮ್ಯಾಲೆ." ಆಮೇಲೆ ನನ್ನ ಮುಖ ನೋಡಿ, "ಯಾಕ್ರಿ ಅಜ್ಜಾರ, ಏನಾತು?"

ಹೇಳಿದೆ. ಪೆಟ್ಟಿಗೆಯ ಮಾತನ್ನೂ ಬಿಡದೆ ಹೇಳಿದೆ. "ಅವರ ಹೆಸರೇನ್ರಿ?" ಎಂದಷ್ಟೇ ಕೇಳಿದಳು.

ಜೀವಮಾನವೆಲ್ಲ ಅತ್ತಿ ಎಂದೇ ಕರೆದ ನಾಲಿಗೆ ತಡವರಿಸಿತು.

"ಗಂಗವ್ವ."