ಬೆಂಚು ತುಂಬಿದ್ದ ಒಂದು ಐತವಾರ

ಆಗೆಲ್ಲ ಡಿಸೆಂಬರ್ ಬಂತೆಂದರೆ ಬೀಡಿ ಗ್ರಾಮದ ಹತ್ತಿರದ ನಮ್ಮೂರಿನ ಮೆಥೋಡಿಸ್ಟ್ ಚರ್ಚಿನಲ್ಲಿ ಹಸಿ ಸುಣ್ಣದ ವಾಸನೆ, ನಮ್ಮ ಮನೆಯಲ್ಲಿ ಕರಿದ ಎಣ್ಣೆಯ ವಾಸನೆ. ಈಗಿನ ಮಕ್ಕಳಿಗೆ ಕೇಕಿದ್ದರೆ ಹಬ್ಬ. ನಮಗೆ ಕರಚಿಕಾಯಿ ಕರಿಯದೆ ಯೇಸು ಹುಟ್ಟುತ್ತಲೇ ಇರಲಿಲ್ಲ.

ಚರ್ಚು ಕಟ್ಟಿಸುತ್ತಿದ್ದ ಬಿಳಿ ಪಾದ್ರಿ ಜ್ವರ ಬಂದು ಅರ್ಧಕ್ಕೇ ಊರು ಬಿಟ್ಟನಂತೆ. ಆಮೇಲೆ ಅಜ್ಜಿಯ ಅಜ್ಜ ಮತ್ತು ಅವನ ಜೊತೆಯವರು ಹಳ್ಳದ ಕಲ್ಲು ಹೊತ್ತು ಗೋಡೆ ಎಬ್ಬಿಸಿದರಂತೆ. ಅಜ್ಜಿ ಇದನ್ನು ನಿನ್ನೆ ತಾನೇ ಕಂಡವಳ ಹಾಗೆ ಹೇಳುತ್ತಿದ್ದಳು. ನನ್ನ ಕಾಲಕ್ಕೆ ನಮ್ಮ ಜನವೆಲ್ಲ ಹೊಟ್ಟೆಪಾಡಿಗೆ ಬೆಳಗಾವಿ ಸೇರಿತ್ತು. ಉಳಿದದ್ದು ಅಜ್ಜಿ, ಅವ್ವ, ನಾನು ಇದ್ದ ಮನೆಯೊಂದೇ.

ಆ ವರ್ಷ ಹಬ್ಬದ ಮುಂದೆ ಬೆಳಗಾವಿಯಿಂದ ದೊಡ್ಡ ಪಾದ್ರಿಗಳು ಬರುವವರಿದ್ದರು. ಸಭೆಯಲ್ಲಿ ಜನ ಇದ್ದರೆ ಚರ್ಚು, ಇಲ್ಲದಿದ್ದರೆ ಬೀಗ. ಅವ್ವ ಹೋಗಿ ಪಕ್ಕದ ಮನೆಯ ಗಂಗವ್ವನ ಮುಂದೆ ಅತ್ತಳು.

“ಅಳಬ್ಯಾಡ ಸುಮ್ಕಿರ. ನಿಮ್ಮ ಗುಡಿ ಉಳಿತೈತಿ ಅಂದ್ರ ಒಂದ್ ತಾಸು ಕುಂದ್ರಾಕ ನಮಗೇನ್ ಧಾಡಿ?” ಎಂದಳು ಗಂಗವ್ವ.

ನನ್ನ ಗೆಳತಿ ಶಬಾನಾ ಮಾತ್ರ ವ್ಯವಹಾರಸ್ಥೆ. “ಕರಚಿಕಾಯಿ ಎಷ್ಟ ಕೊಡ್ತಿ, ಮೊದ್ಲ ಹೇಳ,” ಎಂದಳು.

ಐತವಾರ ಬೆಂಚು ತುಂಬಿದವು. ಗಂಗವ್ವ ಹಣೆಯ ವಿಭೂತಿ ಒರೆಸಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ವರ್ಷಗಟ್ಟಲೆ ಕಿಟಕಿಯಿಂದ ಕೇಳಿದ ಹಾಡುಗಳನ್ನು ಓಣಿಯವರು ನಮಗಿಂತ ಜೋರಾಗಿ ಹಾಡಿದರು. ಪಾದ್ರಿಗಳ ಮುಖ ಅರಳಿತು. ಆರಾಧನೆ ಮುಗಿದ ಮೇಲೆ ಅಜ್ಜಿಯ ಕೈ ಹಿಡಿದು ಕೇಳಿದರು:

“ಇವರೆಲ್ಲಾ ನಮ್ಮವರೇನವಾ?”

ಅವ್ವ ಹಿಂದಿನಿಂದ ಸೆರಗು ಜಗ್ಗಿದಳು. ಅಜ್ಜಿ ಶಿಲುಬೆಯ ಕಡೆ ನೋಡಿದಳು.

“ನಮ್ಮವರಲ್ರಿ. ಓಣಿಯವ್ರು, ನಮ್ಮ ಸಲುವಾಗಿ ಬಂದಾರ. ಇಲ್ಲಿ ನಿಂತು ಸುಳ್ಳ ಹೇಳಾಕ ನನಗ ಆಗೂದಿಲ್ರಿ.”

ಹೊಸ ವರ್ಷಕ್ಕೆ ಬೀಗ ಬಿತ್ತು. ಅಜ್ಜಿಯ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಬಹಳ ದಿನ ಮಾತು ಬಿಟ್ಟಿದ್ದೆ. ನಾವೂ ಬೆಳಗಾವಿಗೆ ಬಂದೆವು. ಕೊನೆಗಾಲದಲ್ಲಿ ಹಾಸಿಗೆ ಹಿಡಿದ ಅಜ್ಜಿಯದು ಒಂದೇ ಪ್ರಶ್ನೆ: “ಅವತ್ತ ಹೌದು ಅಂದಿದ್ರ ಗುಡಿ ಉಳೀತಿತ್ತೇನ?” ಇನ್ನೊಂದು ವರ್ಷ ಉಳಿಯುತ್ತಿತ್ತು ಅಷ್ಟೇ ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಅವಳು ನಂಬಲಿಲ್ಲ, ಹಾಗೇ ಸತ್ತಳು.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ಹಂಚು ಕುಸಿದು ಚರ್ಚಿನೊಳಗೆ ಜಾಲಿ ಬೆಳೆದಿದೆ. ಗಂಗವ್ವನಿಗೆ ಈಗ ಕಣ್ಣು ಕಾಣುವುದಿಲ್ಲ, ದನಿಯಿಂದಲೇ ಗುರುತು ಹಿಡಿದಳು. ನನ್ನ ಕೈ ಸವರುತ್ತಾ ಕೇಳಿದಳು:

“ನಿಮ್ಮಜ್ಜಿ ಅವತ್ತ ಸುಳ್ಳ ಯಾಕ ಹೇಳಿದ್ಲ ಯವ್ವಾ? ನಾವು ನಿಮ್ಮವರೇ ಇದ್ವಿ.”

ಅಜ್ಜಿ ಈ ಮಾತು ಕೇಳದೇ ಹೋದಳು. ನನ್ನ ಬೆಳಗಾವಿಯ ಚರ್ಚಿನಲ್ಲಿ ಮೈಕಿದೆ, ಫ್ಯಾನಿದೆ, ಬೆಂಚು ತುಂಬ ನಮ್ಮವರೇ ಇದ್ದಾರೆ. ನಾಳೆ ಅದಕ್ಕೂ ಬೀಗ ಬೀಳುವ ಹೊತ್ತು ಬಂದರೆ ಅವ್ವನ ಹಾಗೆ ಹೋಗಿ ಅಳಲು ನನಗೆ ಪಕ್ಕದ ಮನೆ ಇಲ್ಲ.